ನೋಡುತ್ತಿರುವವರು: ಒಬ್ಬರು

ಲ್ಯಾಪ್‌ಟಾಪ್ ಮತ್ತೆ ಕ್ಯಾಮೆರಾವನ್ನು ಗುರುತಿಸಲಿಲ್ಲ. ಎರಡನ್ನೂ ಎತ್ತಿ ಕಾವೂರು ಕೆರೆಗೆ ಎಸೆದುಬಿಡೋಣ ಅನ್ನಿಸಿತು ಹಫ್ಸಾಳಿಗೆ. ಹೆಂಗಸರ ಕಡೆಯ ವಿಡಿಯೋಗೆ ಹೆಣ್ಣೇ ಬೇಕು. ಹಾಗಾಗಿ ಮದುವೆ ಸೀಸನ್ನಿನಲ್ಲಿ ಊರಿಗೆಲ್ಲ ಇವಳೊಬ್ಬಳೇ. ಸೊಂಟ ಬಿದ್ದುಹೋಗಿತ್ತು.

ಮದುಮಗಳು ಸುಹೈಲಾ ಎದುರಿಗೇ ಕುಳಿತಿದ್ದಳು. ಅವಳ ತಂದೆ ನೂರ್ ಮುಹಮ್ಮದರಿಗೆ ಸೌದಿಯ ಜುಬೈಲಿನ ಕಂಪೆನಿ ರಜೆ ಕೊಟ್ಟಿರಲಿಲ್ಲ. ನೇರಪ್ರಸಾರದ ಲಿಂಕ್ ಹೋದದ್ದು ಅವರೊಬ್ಬರಿಗೇ. ಹೆಂಗಸರ ಕೋಣೆ, ಬೇರೆ ಯಾರೂ ನೋಡುವ ಹಾಗಿಲ್ಲ.

ಬಾಗಿಲಲ್ಲಿ ಚಿಕ್ಕಪ್ಪ ಉಸ್ಮಾನ್ ನಿಂತಿದ್ದರು. ಅಣ್ಣನ ಪರವಾಗಿ ನಿಖಾಹ್ ಮಾಡಿಕೊಡಬೇಕಾದವರು. ಅದಕ್ಕೆ ಮೊದಲು ಹುಡುಗಿಯ ಒಪ್ಪಿಗೆ ಕೇಳಬೇಕು. ಕೇಳಿ ಕೇಳಿ ಅವರಿಗೂ ಸಾಕೋ ಸಾಕಾಗಿತ್ತು. ಕೆಳಗೆ ಮಸೀದಿಯ ಖತೀಬರು ಕಾಯುತ್ತಿದ್ದಾರೆ, ಬಿರಿಯಾನಿ ಆರುತ್ತಿದೆ ಎಂದು ಗೊಣಗಿದರು.

“ಉಪ್ಪ ನೋಡ್ಲಿ. ಆಮೇಲೆ ಹೇಳ್ತೇನೆ,” ಎಂದಳು ಸುಹೈಲಾ.

ಕೊನೆಗೂ ಲ್ಯಾಪ್‌ಟಾಪಿಗೆ ಕ್ಯಾಮೆರಾ ಸಿಕ್ಕಿತು. ಮದುವೆ ಹಾಲ್‌ನ ಬಡಪಾಯಿ ವೈಫೈಗೆ ತಕ್ಕಂತೆ ಚಿತ್ರದ ಗುಣಮಟ್ಟ ಇಳಿಸಿ ಹಫ್ಸಾ ಪ್ರಸಾರ ಶುರುಮಾಡಿದಳು. ಪರದೆಯ ಮೂಲೆಯಲ್ಲಿ ‘ನೋಡುತ್ತಿರುವವರು: 0’ ಎಂದು ಬಂತು. ಎಲ್ಲರ ಕಣ್ಣೂ ಅಲ್ಲಿಗೇ. ಸೊನ್ನೆ ಅಲ್ಲಾಡಲಿಲ್ಲ. ಸುಹೈಲಾಳ ತಾಯಿ ಮುಮ್ತಾಝ್ ಗಂಡನಿಗೆ ಫೋನ್ ಹಚ್ಚಿದರೆ ಉತ್ತರವಿಲ್ಲ. ಡ್ಯೂಟಿಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಇಡಬೇಕಂತೆ. ಇವತ್ತು ಸ್ವಲ್ಪ ಹೊತ್ತು ಹೊರಗೆ ಬಿಡುತ್ತೇನೆಂದು ಸೂಪರ್‌ವೈಸರ್ ಮಾತು ಕೊಟ್ಟಿದ್ದನಂತೆ.

ಸ್ವರ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಲು ಹಫ್ಸಾ ಅದೇ ಲಿಂಕನ್ನು ತನ್ನ ಫೋನಿನಲ್ಲಿ ತೆರೆದು ಇಯರ್‌ಫೋನ್ ಸಿಕ್ಕಿಸಿಕೊಂಡಳು. ಪ್ರತಿ ಮದುವೆಯಲ್ಲೂ ಮಾಡುವ ಕೆಲಸ. ಪರದೆಯಲ್ಲಿ ಸೊನ್ನೆ ಹೋಗಿ ಒಂದು ಬಂತು.

“ಉಪ್ಪ ಬಂದ್ರು,” ಎಂದಳು ಸುಹೈಲಾ. ಕ್ಯಾಮೆರಾದತ್ತ ಮುಖವೆತ್ತಿ ನಕ್ಕಳು, ಅತ್ತಳು, ಚಿಕ್ಕಪ್ಪನಿಗೆ ಒಪ್ಪಿಗೆ ಹೇಳಿದಳು. ಉಸ್ಮಾನ್ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತ ಮೆಟ್ಟಿಲಿಳಿದು ಹೋದರು.

ಅದು ನಾನು ಎನ್ನಲು ಹಫ್ಸಾ ಬಾಯಿ ತೆರೆದಳು. ಆ ಮುಖ ನೋಡಿ ಹೇಳುವುದು ಹೇಗೆ ಮಾರಾಯ್ರೇ? ಮತ್ತೆ ಸೊನ್ನೆಯಾದರೆ ಎಂಬ ಹೆದರಿಕೆಗೆ ಫೋನಿನಲ್ಲಿ ಲಿಂಕನ್ನು ಹಾಗೇ ತೆರೆದಿಟ್ಟಳು.

ನಿಖಾಹ್ ಮುಗಿಯಿತು. ಪರದೆಯಲ್ಲಿ ಇನ್ನೂ ಒಂದೇ. ಮದುಮಗಳನ್ನು ಊಟಕ್ಕೆ ಕರೆದೊಯ್ದರು. ಹಿಂದೆ ಉಳಿದ ಮುಮ್ತಾಝ್ ಕ್ಯಾಮೆರಾದ ಹತ್ತಿರ ಬಂದು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಏನೋ ಪಿಸುಗುಟ್ಟಿದರು. ಕಿವಿಯಲ್ಲಿ ಇಯರ್‌ಫೋನ್ ಇದ್ದ ಹಫ್ಸಾಳಿಗೆ ಅದು ಕೇಳಿಸಲಿಲ್ಲ. ಪ್ರಸಾರ ಫೋನಿಗೆ ಬರುವುದು ಅರೆ ನಿಮಿಷ ತಡ. ಮುಮ್ತಾಝ್ ಹೊರಗೆ ಹೋದ ಮೇಲೆ, ಖಾಲಿ ಕೋಣೆಯಲ್ಲಿ, ಆ ಪಿಸುಮಾತು ಅವಳ ಕಿವಿಗೆ ಬಂತು:

“ನೋಡಿದ್ರಲ್ಲ ಮಗಳನ್ನು? ನಿಮ್ಮದು ಊಟ ಆಯ್ತಾ?”