ಹೊಸ ಬಾಲ

ನಮ್ಮಲ್ಲಿ ಹೊಟ್ಟೆಕಿಚ್ಚನ್ನು ಯಾರೂ ಒಳಗಿಟ್ಟುಕೊಳ್ಳುವುದಿಲ್ಲ. ಮದುವೆಯ ದಿನವೇ ಅದನ್ನು ಒಂದು ಹಲ್ಲಿಗೆ ದಾಟಿಸಿ, ಆ ಹಲ್ಲಿಯನ್ನು ಸಾಕಿಕೊಳ್ಳುತ್ತೇವೆ. ನನ್ನದೂ ಓರಗಿತ್ತಿ ಸುಲೋಚನಕ್ಕನದೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿದ್ದವು. ಸೊಸೆಯರ ಹಲ್ಲಿಗಳನ್ನು ಬೇರೆ ಇಟ್ಟರೆ ಮನೆ ಒಡೆಯುತ್ತದೆಂದು ಅತ್ತೆಯ ನಂಬಿಕೆ.

ಒಂದು ದಿನ ಅಕ್ಕ ಹೊಸ ರೇಷ್ಮೆ ಸೀರೆ ಉಟ್ಟು ಬಂದಳು.

"ಎಷ್ಟ್ ಚೆನ್ನಾಗಿದೆ ಅಕ್ಕಾ!" ಮನಸಾರೆ ಅಂದೆ. ಪೆಟ್ಟಿಗೆಯಲ್ಲಿ ನನ್ನ ಹಲ್ಲಿ ಅವಳ ಹಲ್ಲಿಯ ಮೇಲೆರಗಿ ಬಾಲವನ್ನೇ ಕಿತ್ತುಹಾಕಿತು.

"ಹಲ್ಲಿ ತಾನೇ, ಬಿಡೇ ಪದ್ಮಿನಿ," ಎಂದು ಅಕ್ಕ ನಕ್ಕಳು. ಕೊನೆಗೆ ಅತ್ತೆಯೇ ಎರಡರ ಮಧ್ಯೆ ಗಾಜು ಅಡ್ಡ ಇಟ್ಟರು.

ಕೆಲವೇ ವಾರಗಳಲ್ಲಿ ಅಕ್ಕನ ಹಲ್ಲಿಗೆ ಎಳೆಯ ಬಾಲ ಮೂಡಿತು.

"ನೋಡ್ರೇ, ಮೊದಲಿಗಿಂತ ದಪ್ಪಗಿದೆ!" ಎಂದರು ಅತ್ತೆ.

ಅಕ್ಕನಿಗಿಂತ ನನಗೇ ಹೆಚ್ಚು ಸಂತೋಷವಾಯಿತು. ಗಾಜಿನ ಈಚೆ ನನ್ನ ಹಲ್ಲಿ ಹುಳುವನ್ನೂ ಮುಟ್ಟದೆ ಆ ಬಾಲವನ್ನೇ ನೋಡುತ್ತಾ ಕೂತಿತ್ತು. ಆಮೇಲೆ ಹಿಂದಕ್ಕೆ ತಿರುಗಿ, ತನ್ನ ಬಾಲವನ್ನು ತಾನೇ ಕಚ್ಚಿ ಕಿತ್ತುಕೊಂಡಿತು.