ಆತುರಗೇಡಿ ಗುಂಡಿ

"ಅಗೋ, ಬಿಳಿ ನೊರೆ ಕುದೀತಾ ಇದೆಯಲ್ಲ, ಅದೇ ಆತುರಗೇಡಿ ಗುಂಡಿ," ಎಂದು ಕಯಾಕ್ ದೋಣಿ ನಡೆಸುವುದನ್ನು ಕಲಿಸುವ ಮೇಷ್ಟ್ರು ಸೇತುವೆಯ ಮೇಲಿಂದ ಕೆಳಗೆ ಕೈ ತೋರಿಸಿದರು. ಹಲ್ಲಿನ ಡಾಕ್ಟರಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ ಜೀಪಿನಿಂದ ಕತ್ತು ಹೊರಗೆ ಹಾಕಿದಳು. ಸ್ಟೇರಿಂಗ್ ಹಿಡಿದು ಕೂತಿದ್ದವಳು ಮಾತ್ರ ತಿರುಗಲಿಲ್ಲ. ಮೂರು ಮಳೆಗಾಲದಿಂದ ಅವಳು ಆ ಕಡೆ ಕಣ್ಣು ಹಾಯಿಸಿಲ್ಲ.

"ಯಾರು ಸರ್ ಆ ಆತುರಗೇಡಿ?"

"ನನ್ನ ಜೊತೆಗಾರ. ಪಾಪ, ಒಳ್ಳೇವನೇ. ಕೆಳಗೆ ಒಬ್ಬರು ಹಗ್ಗ ಹಿಡ್ಕೊಂಡು ನಿಂತು ಕೈ ಬೀಸೋ ತನಕ ಮೇಲಿನವರು ಇಳೀಬಾರದು. ಅವನಿಗೆಲ್ಲಿ ತಡೀತು? ವಿಡಿಯೋಗೆ ಅಂತ ಫೋನನ್ನ ಬಂಡೆ ಮೇಲೆ ನಿಲ್ಲಿಸಿ ನಾನು ಹಗ್ಗ ತೆಗೆಯೋದ್ರೊಳಗೆ ಧುಮುಕೇಬಿಟ್ಟ. ಎಸೆದೆ, ಅವನ ಕೈಗೆ ಸಿಗಲಿಲ್ಲ." ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರೂ ಪಾಠದ ಒಂದು ಭಾಗ. ಹೊಸಬರು ಬಂದಾಗಲೆಲ್ಲ ಇದೇ ಜಾಗದಲ್ಲಿ, ಇಷ್ಟೇ ಉದ್ದಕ್ಕೆ ಬರುತ್ತಿತ್ತು. "ಮೊನ್ನೆ ತೋರಿಸಿದೆನಲ್ಲ, ಅದರಲ್ಲಿ ಇರೋದು ಅವನೇ. ಆ ವಿಡಿಯೋ ಬೇಕು ಬೇಕು ಅಂತ ಪ್ರಾಣ ತಿಂದ್ರಲ್ಲ, ಬೆಳಿಗ್ಗೆ ಕಳಿಸಿದೀನಿ, ನೋಡ್ತಾ ಇರಿ. ನಾನು ದೋಣಿ ಇಳಿಸ್ತೀನಿ. ಮಳೆ ನಿಂತು ಆಗ್ಲೇ ಎರಡು ಗಂಟೆ ಆಯ್ತು. ಇನ್ನೂ ತಡ ಮಾಡಿದ್ರೆ ಈ ಹಳ್ಳದಲ್ಲಿ ಬರೀ ಕಲ್ಲು ಉಳಿಯುತ್ತೆ, ಅಷ್ಟೇ."

ಸತ್ತವನು ಜೀಪಿನವಳ ಗಂಡ ಎಂದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಹೆಣವನ್ನು ದಡಕ್ಕೆ ತಂದು ಮಲಗಿಸಿದಾಗ ಅದರ ಎದೆಗೆ ಗುದ್ದಿ ಗುದ್ದಿ, "ಆತುರಗೇಡಿ! ಒಂದು ನಿಮಿಷ ಕಾಯೋಕಾಗಲಿಲ್ವಾ ನಿನಗೆ?" ಎಂದು ಕಿರುಚಿದ್ದವಳು ಇವಳೇ. ಆ ಬೈಗುಳವನ್ನೇ ಮೇಷ್ಟ್ರು ಗುಂಡಿಗೆ ಹೆಸರಾಗಿ ಇಟ್ಟರು. ಆಮೇಲೆ ಇವಳಿಗೆ ಜೀಪು ಓಡಿಸುವ ಕೆಲಸವನ್ನೂ ಕೊಟ್ಟರು. ಎಂಥಾ ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳಿತು, ಇವಳೂ ಹೊಗಳಿದಳು. ಗಂಡನ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ. ತಟ್ಟೆಗೆ ಪೂರ್ತಿ ಬಡಿಸುವವರೆಗೂ ಕಾಯದೆ ಬಾಯಿ ಹಾಕುತ್ತಿದ್ದ ಮನುಷ್ಯ. ಅಲ್ಲೂ ಹಾಗೇ ಮಾಡಿಕೊಂಡ, ಇನ್ನೇನು! ಅವನ ಫೋಟೋವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬೋರಲು ಹಾಕಿಟ್ಟಿದ್ದಳು.

ಮೇಷ್ಟ್ರು ಜೀಪಿನ ಟಾಪು ಹತ್ತಿ ದೋಣಿಗಳ ಗಂಟು ಬಿಚ್ಚತೊಡಗಿದರು. ಡಾಕ್ಟರಮ್ಮ ಫೋನು ತೆಗೆದು, "ಮೊನ್ನೆ ತೋರಿಸಿದ್ದು ಹತ್ತು ಸೆಕೆಂಡೂ ಇರಲಿಲ್ಲ, ಇದು ಎರಡು ನಿಮಿಷ ಇದೆಯಲ್ಲ," ಎಂದುಕೊಂಡಳು. ನೀರಿನ ಮೊರೆತ ಕೇಳಿತು. ಅದರ ಮೇಲೆ, ಕಿವಿಯ ಪಕ್ಕದಲ್ಲೇ ನಿಂತು ಕೂಗಿದ ಹಾಗೆ, ಮೇಷ್ಟ್ರ ದನಿ: "ಬಾರೋ! ಎಷ್ಟೊತ್ತು ಅಲ್ಲೇ ಕೂರ್ತೀಯ? ವಿಡಿಯೋ ತೆಗೀತಾ ಇದೀನಿ, ಬಾ!"

ಜೀಪಿನವಳು ಗಕ್ಕನೆ ತಿರುಗಿ ಫೋನಿನ ಮೇಲೆ ಬಗ್ಗಿದಳು. ನೀರು ಅಬ್ಬರಿಸಿ ಇಳಿಯುವ ಜಾಗದ ಮೇಲ್ಗಡೆ, ಬಂಡೆಯ ಮರೆಯ ನಿಂತ ನೀರಿನಲ್ಲಿ ನೀಲಿ ದೋಣಿ. ಅದರಲ್ಲಿ ಅವಳ ಗಂಡ, ಹುಟ್ಟನ್ನು ಅಡ್ಡಲಾಗಿ ಹಿಡಿದು ಸುಮ್ಮನೆ ಕೂತಿದ್ದ. ತೋಳೆತ್ತಿ ಏನನ್ನೋ ಎಸೆಯುವಂತೆ ಅಭಿನಯಿಸಿದ. ಹಗ್ಗ ಇದೆಯಾ ಎಂದು ಕೇಳುತ್ತಿದ್ದ. ಚಿತ್ರದ ಅಂಚಿನಲ್ಲಿ ಒಂದು ಕೈ ಬಾ ಬಾ ಎಂದು ಬೀಸಿತು. ಅವನು ಮತ್ತೊಮ್ಮೆ ಕೇಳಿದ. ಕೈ ಇನ್ನೂ ಜೋರಾಗಿ ಬೀಸಿತು. ಆಗ ಇಳಿದ. ಫೋನು ಅವನ ಹಿಂದೆಯೇ ತಿರುಗಿ, ಗುಂಡಿಯವರೆಗೂ ಹೋಗಿ, ಮುಗುಚಿದ ದೋಣಿಯನ್ನು ನೋಡುತ್ತಾ ನಿಂತಿತು. ಆಮೇಲೆ ಒಮ್ಮೆ ನಡುಗಿ ನೆಲದ ಕಡೆ ವಾಲಿತು. ಮೇಷ್ಟ್ರ ಬೂಟಿನ ಪಕ್ಕ ಕೆಂಪು ಹಗ್ಗದ ಚೀಲ ಬಾಯಿ ಬಿಗಿದುಕೊಂಡೇ ಬಿದ್ದಿತ್ತು.

"ಇದೇನಕ್ಕಾ ಇದು? ಫೋನು ಬಂಡೆ ಮೇಲಿತ್ತು ಅಂದ್ರಲ್ಲ!" ಎಂದಳು ಡಾಕ್ಟರಮ್ಮ.

ಜೀಪಿನವಳು ಇನ್ನೂ ಫೋನನ್ನೇ ನೋಡುತ್ತಿದ್ದಳು. ಅಯ್ಯೋ, ಕಾದಿದ್ದನಲ್ಲ! ಹುಟ್ಟಿದಾಗಿನಿಂದ ಯಾವುದಕ್ಕೂ ಕಾಯದವನು ಅವತ್ತೊಂದು ದಿನ ಕಾದಿದ್ದ. ಅವತ್ತೇ ತಾನು ಅವನ ಎದೆಗೆ ಗುದ್ದಿದ್ದಳು. ಹಿಂದಿನ ಸೀಟಿನಲ್ಲಿದ್ದ ಹಗ್ಗದ ಚೀಲ ಎತ್ತಿಕೊಂಡು, ಡಾಕ್ಟರಮ್ಮನ ಕೈಯಿಂದ ಫೋನನ್ನೂ ತೆಗೆದುಕೊಂಡು ಕೆಳಗಿಳಿದಳು.

ಮೇಷ್ಟ್ರು ಎರಡೂ ದೋಣಿಗಳನ್ನು ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದರು. "ಆಯ್ತು ಅತ್ತಿಗೆ, ನೀವು ಜೀಪು ತಗೊಂಡು ಕೆಳಗಿನ ಸೇತುವೆ ಹತ್ರ ಕಾಯ್ತಿರಿ."

"ಕಾದಿದ್ದು ಸಾಕು. ಡಾಕ್ಟರಮ್ಮ ಇವತ್ತು ಇಳಿಯಲ್ಲ. ನೀವೇ ಇಳೀರಿ. ಹಗ್ಗಕ್ಕೆ ನಾನು ನಿಲ್ತೀನಿ."

ಮೇಷ್ಟ್ರು ನಕ್ಕುಬಿಟ್ಟರು. "ಒಳ್ಳೆ ಕಥೆ! ಅದೆಲ್ಲ ನಿಮಗೆಲ್ಲಿ ಬರುತ್ತೆ ಅತ್ತಿಗೆ?"

ಅವಳು ಬಾಯಿ ಬಿಗಿದ ಚೀಲವನ್ನು ತನ್ನ ಚಪ್ಪಲಿಯ ಪಕ್ಕಕ್ಕೆ ಹಾಕಿದಳು. ಎಡಗೈಯಲ್ಲಿ ಫೋನನ್ನು ಅವರ ಮುಖಕ್ಕೆ ಹಿಡಿದು, ಬಲಗೈಯನ್ನು ಮೇಲೆತ್ತಿ ಬೀಸಿದಳು.

"ಬರದೇ ಇರೋಕೆ ಏನಿದೆ ಇದರಲ್ಲಿ? ಒಂದು ಕೈಲಿ ಫೋನು ಹಿಡ್ಕೋಬೇಕು, ಇನ್ನೊಂದು ಕೈಲಿ ಬಾ ಬಾ ಅಂತ ಕರೀಬೇಕು. ಅಷ್ಟೇ ತಾನೇ?"