ಮೊದಲ ಕೈ

ಚೌಕದ ಗಡಿಯಾರ ಹನ್ನೆರಡು ಹೊಡೆಯುವ ಹೊತ್ತಿಗೆ ಮೆದಿರ್ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದು ನಿಂತ. ಬೆಳಿಗ್ಗೆ ದ್ರಾಕ್ಷಿ ಬುಟ್ಟಿ ಇಳಿಸುವಾಗ ಮಣಿಕಟ್ಟು ಉಳುಕಿತ್ತು. ಇನ್ನು ಅರ್ಧ ಗಂಟೆಯಲ್ಲಿ, ಸ್ಪೇನಿನ ಕತಲೋನಿಯ ಪ್ರಾಂತದ ಆ ಪುಟ್ಟ ಊರಿನ ತಂಡ ಒಂಬತ್ತು ಅಂತಸ್ತಿನ ಮಾನವ ಗೋಪುರ ಕಟ್ಟಬೇಕಿತ್ತು. ಎಂಟರ ಮೇಲೆ ಅವರು ಎಂದೂ ಏರಿದವರಲ್ಲ.

"ಮೊದಲ ಕೈ ಹೋಯ್ತು," ಎಂದಳು ಗ್ರಿಸೆಲ್ಡ, ನೀಲಿ ನೋಟ್‌ಬುಕ್ ತೆರೆಯುತ್ತ. ಬುಡದಲ್ಲಿ ನಿಂತವನ ಬೆನ್ನಿಗೆ ಎದೆಯೊತ್ತಿ, ಎರಡೂ ಕೈ ಮೇಲೆತ್ತಿ, ಎರಡನೇ ಅಂತಸ್ತಿನವನ ತೊಡೆಗೆ ಆಸರೆ ಕೊಡುವ ಜಾಗ ಅದು. ಬುಡದ ಇನ್ನೂರು ಜನರ ಭುಜದೆತ್ತರವನ್ನೂ ಆಕೆ ದರ್ಜಿಯ ಟೇಪು ಹಿಡಿದು ಅಳೆದಿದ್ದಳು. ಯಾರ ಹಿಂದೆ ಯಾರು ಎಂದು ವೃತ್ತದೊಳಗೆ ವೃತ್ತ ಎಳೆದು ಬರೆದಿಟ್ಟಿದ್ದಳು.

ತಂಡದ ಮುಖಂಡ, ಅವಳ ತಮ್ಮ ಫರ್ಮಿ, ಪುರಸಭೆಯ ಬಾಲ್ಕನಿಯ ಮೇಲಿನ ಆಕಾಶ ನೋಡುತ್ತಿದ್ದ. ಒಂಬತ್ತರ ತುತ್ತತುದಿ ಮುಟ್ಟಿದ ಮಗು ಎತ್ತುವ ಪುಟ್ಟ ಕೈಯನ್ನು ಹನ್ನೊಂದು ವರ್ಷದಿಂದ ಅವನು ಮನಸ್ಸಿನಲ್ಲೇ ಅಲ್ಲಿ ಕಾಣುತ್ತಿದ್ದ. ಅದನ್ನು ಅವನು ವರ್ಣಿಸುತ್ತಿದ್ದ ರೀತಿಗೆ ಬೇಕರಿಯವನು, ಲೆಕ್ಕದ ಮೇಷ್ಟ್ರು, ಔಷಧದಂಗಡಿಯ ಅಜ್ಜಿ ಎಲ್ಲರೂ ಕಣ್ಣಾರೆ ಕಂಡವರಂತೆ ಶುಕ್ರವಾರದ ಅಭ್ಯಾಸಕ್ಕೆ ತಪ್ಪದೆ ಬರುತ್ತಿದ್ದರು. ನಾಳೆಯಿಂದ ಮುಖಂಡ ಬೇರೆಯವನು. ಫರ್ಮಿಗೆ ಇದೇ ಕೊನೆಯ ಗೋಪುರ.

"ಯಾರನ್ನಾದ್ರೂ ನಿಲ್ಸು ಅಕ್ಕಾ. ಜನರ ಹುಮ್ಮಸ್ಸು ನೋಡು, ಉಕ್ತಾ ಇದೆ."

"ಹುಮ್ಮಸ್ಸಿಗೆ ಭುಜ ಇರಲ್ಲ ಕಣೋ. ಎರಡು ಬೆರಳು ಕುಳ್ಳಗಾದ್ರೂ ಮೇಲಿನವನ ಕಾಲು ನಡುಗತ್ತೆ."

"ನಿನ್ನ ಪುಸ್ತಕದಲ್ಲಿ ಬೇರೆ ಯಾರೂ ಇಲ್ವಾ?"

"ಒಬ್ಬನಿದಾನೆ. ಮೆದಿರ್‌ನಷ್ಟೇ ಎತ್ತರ. ಸ್ವಲ್ಪ ಹೊಟ್ಟೆ. ಬಾಯಿ ಜಾಸ್ತಿ."

ಫರ್ಮಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ನಾನಾ? ಅಲ್ಲಿ ನಿಂತ್ರೆ ನಂಗೇನು ಕಾಣತ್ತೆ?"

"ಮುಂದಿನವನ ಕುತ್ತಿಗೆ. ಅಲ್ಲಿ ತಲೆ ಎತ್ತಿದ್ರೆ ನಿನ್ನ ಕತ್ತು ಉಳಿಯಲ್ಲ."

"ಹನ್ನೊಂದು ವರ್ಷ, ಅಕ್ಕಾ…"

"ಗೊತ್ತೋ. ಒಂದೊಂದು ಶುಕ್ರವಾರಾನೂ ಕೇಳಿದೀನಿ. ಬೇಡ ಅಂದ್ರೆ ಎಂಟೇ ಕಟ್ಟೋಣ. ಹೊರಗೆ ನಿಂತ್ಕೊಂಡು ಕಣ್ತುಂಬ ನೋಡು."

ಫರ್ಮಿ ಮೆದಿರ್‌ನ ಸೊಂಟಕ್ಕೆ ಆಸರೆಯಾಗಿ ಸುತ್ತಿದ್ದ ಉದ್ದನೆಯ ಕಪ್ಪು ಪಟ್ಟಿಯನ್ನು ಬಿಚ್ಚಿಸಿಕೊಂಡು ಒಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟ. ಅವಳು ಎಳೆದು ಹಿಡಿದಳು. ಅವನು ಬುಗುರಿಯಂತೆ ಸುತ್ತುತ್ತ, ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತ, ಅವಳ ಹತ್ತಿರ ಬಂದ.

"ಹೊಟ್ಟೆ ಒಳಗೆ ಎಳ್ಕೊಳೋ!"

"ಇದ್ದರೆ ತಾನೇ?"

ಬುಡದ ಗುಂಪಿನ ಒಳಗೆ ಕತ್ತಲು, ಬೆವರು, ಯಾರದೋ ಬೆಳ್ಳುಳ್ಳಿಯ ಉಸಿರು. ಕಣ್ಣೆದುರು ಒಂದು ಕುತ್ತಿಗೆ, ಅದರ ಮೇಲೊಂದು ಮಚ್ಚೆ. ಮೇಲೆತ್ತಿದ ಅಂಗೈಗಳ ಮೇಲೆ ಭಾರ ಬಂತು, ಇನ್ನಷ್ಟು ಬಂತು. ಎಲ್ಲೋ ಹೊರಗೆ, ತಾನು ನಿಲ್ಲಬೇಕಿದ್ದ ಮುಖಂಡನ ಜಾಗದಿಂದ, ಅಕ್ಕ ಕೂಗಿ ಕೂಗಿ ಹತ್ತಿಸುತ್ತಿದ್ದಳು. ಓಲಗದವರು ಊದತೊಡಗಿದರು. ರಾಗ ಅಂತಸ್ತಿನಿಂದ ಅಂತಸ್ತಿಗೆ ಏರಿತು. ಒಮ್ಮೆಲೇ ಅದು ತಿರುವು ಪಡೆಯಿತು. ತುದಿಯ ಮಗುವಿನ ಕೈ ಮೇಲೆದ್ದಾಗ ಮಾತ್ರ ಬರುವ ತಿರುವು. ಚೌಕ ಭೋರ್ಗರೆಯಿತು. ಫರ್ಮಿಯ ಕತ್ತಿನ ಒಂದೊಂದು ನರವೂ ಮೇಲಕ್ಕೆ ಜಗ್ಗಿತು. ಅವನು ಹಣೆಯನ್ನು ಆ ಮಚ್ಚೆಗೆ ಒತ್ತಿ ಹಿಡಿದ. ಭಾರ ಸ್ವಲ್ಪ ಸ್ವಲ್ಪವೇ ಇಳಿಯಿತು, ಕೊನೆಗೆ ಅಂಗೈ ಖಾಲಿಯಾಯಿತು.

ಅಳುವವರನ್ನೂ ಅಪ್ಪಿಕೊಳ್ಳುವವರನ್ನೂ ತಳ್ಳಿಕೊಂಡು ಅವನು ಹೊರಬಂದ.

"ಹೇಗಿತ್ತಕ್ಕಾ? ಪುಟ್ಟಿ ಕೈ ಎತ್ತಿದ್ಳಲ್ಲ, ಆಗ? ಬಾಲ್ಕನಿಗಿಂತ ಮೇಲಿತ್ತಾ? ಒಂದೂ ಬಿಡದೆ ಹೇಳು."

ಗ್ರಿಸೆಲ್ಡ ನೋಟ್‌ಬುಕ್ ಮುಚ್ಚಿದಳು.

"ನಂಗೇನು ಗೊತ್ತೋ? ನಾನು ನಿನ್ನ ಕೈಗಳನ್ನೇ ನೋಡ್ತಿದ್ದೆ."